ಮನೆಯೇ ಪಾಠಶಾಲೆ: ಗಡಿಹಳ್ಳಿಯ ಮಕ್ಕಳಿಗೆ ಲಾಭವೋ, ಶಾಲೆ ಬಿಡುವುದಕ್ಕೆ ಹೊಸ ಹೆಸರೋ?

ಹೊಸೂರು: ಮಗ ಒಂಬತ್ತನೇ ತರಗತಿಗೆ ಬಂದಿದ್ದಾನೆ. ಊರಿನ ಕನ್ನಡ ಶಾಲೆ ಎಂಟಕ್ಕೇ ಮುಗಿಯಿತು. ಮುಂದಿನ ಶಾಲೆಗೆ ಎರಡು ಬಸ್ಸು ಹತ್ತಬೇಕು. ಅಲ್ಲಿ ಕನ್ನಡದ ಮೇಷ್ಟ್ರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಖಾಸಗಿ ಇಂಗ್ಲಿಷ್ ಶಾಲೆಗೆ ಸೇರಿಸೋಣ ಎಂದರೆ ಫೀಸು ಕೇಳಿಯೇ ಎದೆ ನಡುಗುತ್ತದೆ. ಹೀಗಿರುವಾಗ ‘ಮನೆಯಲ್ಲೇ ಓದಿಸಿದರೆ ಹೇಗೆ?’ ಎಂಬ ಪ್ರಶ್ನೆ ತಳಿ, ಕೆಲಮಂಗಲ, ಬಾಗಲೂರು, ಬೇರಿಕೆ ಕಡೆಯ ಮನೆಗಳಲ್ಲಿ ಹುಟ್ಟಿದರೆ ಆಶ್ಚರ್ಯವೇನೂ ಇಲ್ಲ.

ಬೆಂಗಳೂರಿನಲ್ಲಿ ಇದು ಹೊಸ ಮಾತಲ್ಲ. ಓದಿದ, ಉಳ್ಳ ಕುಟುಂಬಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿ ‘ಹೋಮ್ ಸ್ಕೂಲಿಂಗ್’ ಎನ್ನುತ್ತವೆ. ಅಂಥವರಲ್ಲಿ ಕೆಲವರು ಹಳ್ಳಿಗೆ ಬಂದು ತೋಟ ಮಾಡುತ್ತಾರೆ, ಹಸು ಕಟ್ಟುತ್ತಾರೆ, ಮಕ್ಕಳು ಮಣ್ಣಿನಲ್ಲಿ ಬೆಳೆಯಲಿ ಎನ್ನುತ್ತಾರೆ. ಹಳ್ಳಿಯವರಿಗೆ ಇದನ್ನು ನೋಡಿ ನಗು ಬರಬಹುದು. ಅವರು ಹುಡುಕಿಕೊಂಡು ಬರುವ ಬದುಕು ಹಳ್ಳಿಯ ಮಗುವಿಗೆ ಹುಟ್ಟಿನಿಂದಲೇ ಇದೆ. ಇಲ್ಲದಿರುವುದು ಆ ಬದುಕಿನ ಜೊತೆಗೆ ಬೇಕಾದ ಸರ್ಟಿಫಿಕೇಟು.

ಇಡೀ ವಿಷಯದ ತಿರುಳು ಇರುವುದು ಇಲ್ಲೇ. ಹದಿಹರೆಯದ ಮಗು ಮನೆಯಲ್ಲಿ ಓದುವುದಕ್ಕೂ ಶಾಲೆ ಬಿಟ್ಟು ಮನೆಯಲ್ಲಿರುವುದಕ್ಕೂ ನಡುವೆ ಇರುವುದು ಕೂದಲೆಳೆಯ ಅಂತರ. ಆ ಅಂತರವನ್ನು ಕಾಯುವ ವ್ಯವಸ್ಥೆ ಮನೆಯಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ಶಾಲೆ ಬಿಡಿಸುವ ಮಾತು ಆಮೇಲೆ.

ತೊರಪಳ್ಳಿಯವರ ಹಳೆಯ ಪ್ರಯೋಗ

ಮನೆಯಲ್ಲಿ ಕಲಿಯುವ ಮಾತು ಈ ಜಿಲ್ಲೆಗೆ ಹೊಸದಲ್ಲ. 1878ರಲ್ಲಿ ಹೊಸೂರು ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಮದರಾಸು ರಾಜ್ಯದ ಮುಖ್ಯಮಂತ್ರಿ ಆಗಿದ್ದಾಗ, 1953ರಲ್ಲಿ, ಇಂಥದೇ ಒಂದು ಯೋಜನೆ ತಂದಿದ್ದರು. ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಪಾಠ. ಉಳಿದ ಹೊತ್ತು ಮಗು ಮನೆಯಲ್ಲಿದ್ದು ಅಪ್ಪನ ಕಸುಬನ್ನೋ ಮನೆಗೆಲಸವನ್ನೋ ಕಲಿಯಬೇಕು. ಪಾಳಿಯ ಮೇಲೆ ಶಾಲೆ ನಡೆಸಿದರೆ ಇರುವಷ್ಟೇ ಶಾಲೆ, ಇರುವಷ್ಟೇ ಮೇಷ್ಟ್ರುಗಳಿಂದ ಹೆಚ್ಚು ಮಕ್ಕಳಿಗೆ ಕಲಿಸಬಹುದು ಎಂಬುದು ಸರ್ಕಾರದ ಲೆಕ್ಕ.

ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಜನ ಬೇರೆ ಲೆಕ್ಕ ಹಾಕಿದರು. ಅಪ್ಪನ ಕಸುಬು ಎಂದರೆ ಜಾತಿಯ ಕಸುಬು. ಕ್ಷೌರಿಕನ ಮಗ ಕ್ಷೌರ, ಅಗಸನ ಮಗ ಬಟ್ಟೆ ಒಗೆಯುವುದು, ಕೂಲಿಯವನ ಮಗ ಕೂಲಿ ಕಲಿಯಬೇಕೇ ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಬೀದಿಗಿಳಿದರು. ‘ಕುಲ ಕಲ್ವಿ ತಿಟ್ಟಂ’ ಎಂದು ಅವರು ಇಟ್ಟ ಹೆಸರೇ ಉಳಿಯಿತು. ಯೋಜನೆ ಹಳ್ಳಿಗೆ ಮಾತ್ರ ಏಕೆ ಎಂಬ ಪ್ರಶ್ನೆಗೂ ಸಮಾಧಾನದ ಉತ್ತರ ಸಿಗಲಿಲ್ಲ. ಕಾಂಗ್ರೆಸ್ಸಿನೊಳಗೇ ವಿರೋಧ ಎದ್ದಿತು. 1954ರಲ್ಲಿ ರಾಜಾಜಿ ಕೆಳಗಿಳಿದು ಕಾಮರಾಜ್ ಮುಖ್ಯಮಂತ್ರಿ ಆದರು. ಆ ವರ್ಷದ ಮೇ ತಿಂಗಳಲ್ಲೇ ಯೋಜನೆಗೆ ಮಂಗಳ ಹಾಡಲಾಯಿತು.

ಎಪ್ಪತ್ತು ವರ್ಷ ಹಿಂದಿನ ಈ ಕಥೆ ಇವತ್ತಿಗೂ ಬೇಕು. ಮನೆಯಲ್ಲಿ ಕಲಿಯುವುದು ಕೆಟ್ಟದ್ದು ಎಂದು ಆಗ ಯಾರೂ ಹೇಳಲಿಲ್ಲ. ಮಗುವಿನ ಮುಂದಿನ ದಾರಿ ಹುಟ್ಟಿದ ಮನೆಯ ಹೊಸ್ತಿಲಲ್ಲೇ ಮುಗಿಯಬಾರದು ಎಂದರು. ಓದಿದ ಅಪ್ಪ, ಅಮ್ಮ ಇರುವ ಮನೆಯಲ್ಲಿ ಉಳಿದ ಮಗು ಏನೋ ಒಂದು ಆಗುತ್ತದೆ. ಓದದವರ ಮನೆಯಲ್ಲಿ ಉಳಿದ ಮಗು ಕುರಿ ಕಾಯುತ್ತದೆ. ಮನೆಪಾಠದ ಬಗ್ಗೆ ಯೋಚಿಸುವ ಯಾವ ಕುಟುಂಬವೂ ಈ ಮಾತನ್ನು ದಾಟಿ ಹೋಗುವಂತಿಲ್ಲ.

ಕಾನೂನು ಏನು ಹೇಳುತ್ತದೆ?

ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದವರಿಗೆ ದಂಡ, ಜೈಲು ಎಂದು ಆ ಕಾಯ್ದೆ ಹೇಳುವುದಿಲ್ಲ. ಮನೆಪಾಠದ ಹೆಸರನ್ನೇ ಅದು ಎತ್ತುವುದಿಲ್ಲ. ವಿಷಯ ದೆಹಲಿ ಹೈಕೋರ್ಟಿಗೆ ಹೋದಾಗ ಕೇಂದ್ರ ಸರ್ಕಾರ 2012ರಲ್ಲಿ ಮೊದಲು ‘ಮನೆಯಲ್ಲಿ ಕಲಿಸುವವರಿಗೆ ಕಾಯ್ದೆ ಅಡ್ಡಿ ಬರುವುದಿಲ್ಲ’ ಎಂಬ ಅರ್ಥದ ಅಫಿಡವಿಟ್ ಸಲ್ಲಿಸಿತು, ಆಮೇಲೆ ಅದನ್ನು ವಾಪಸ್ ಪಡೆಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಬೇರೆ ದೇಶಗಳಲ್ಲಿ ಇಷ್ಟು ಗೊಂದಲ ಇಲ್ಲ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಮನೆಪಾಠಕ್ಕೆ ಕಾನೂನಿನ ಒಪ್ಪಿಗೆ ಇದೆ. ಜರ್ಮನಿಯಲ್ಲಿ ಮಗು ಶಾಲೆಗೆ ಹೋಗಲೇಬೇಕು, ಮನೆಪಾಠಕ್ಕೆ ಅವಕಾಶ ಇಲ್ಲವೆಂದೇ ಹೇಳಬೇಕು. ಭಾರತ ಈ ಎರಡರ ನಡುವೆ ನಿಂತಿದೆ.

ಹಾಗಾಗಿ ಹಳ್ಳಿಯ ತಂದೆ ತಾಯಿ ನೆನಪಿಡಬೇಕಾದ ಗೆರೆ 14 ವರ್ಷದ್ದು. ಅದಕ್ಕಿಂತ ಚಿಕ್ಕ ಮಗುವನ್ನು ಶಾಲೆಯಿಂದ ಬಿಡಿಸುವ ಮಾತೇ ಬೇಡ. 14 ದಾಟಿದ ಮೇಲೆ ದಾರಿಗಳು ತೆರೆಯುತ್ತವೆ. ಅಪಾಯಗಳೂ ಅಲ್ಲಿಂದಲೇ ಶುರುವಾಗುತ್ತವೆ.

ಓದುವುದು ಮನೆಯಲ್ಲಿ, ಪರೀಕ್ಷೆ ಸರ್ಕಾರದ್ದು

ಇರುವ ದಾರಿಗಳಲ್ಲಿ ಮುಖ್ಯವಾದದ್ದು ಎನ್‌ಐಓಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ಶುರುವಾದ ಇದು ಕೇಂದ್ರ ಸರ್ಕಾರದ್ದು. 14 ತುಂಬಿದ ಮಗು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಒಟ್ಟು ಐದು ವಿಷಯ, ಅದರಲ್ಲಿ ಒಂದು ಅಥವಾ ಎರಡು ಭಾಷೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಐದನ್ನೂ ಒಂದೇ ಸಲ ಬರೆಯಬೇಕೆಂಬ ಕಟ್ಟುಪಾಡಿಲ್ಲ. ನೋಂದಣಿ ಐದು ವರ್ಷ ಇರುತ್ತದೆ, ಒಂಬತ್ತು ಅವಕಾಶ ಸಿಗುತ್ತದೆ. ಪಾಸಾದ ವಿಷಯದ ಅಂಕ ಲೆಕ್ಕದಲ್ಲಿ ಉಳಿದುಕೊಳ್ಳುತ್ತದೆ. ರಾಗಿ ಕಟಾವಿನ ಕಾಲಕ್ಕೆ ಪರೀಕ್ಷೆ ಬಂದರೆ ಮುಂದಿನ ಸಲಕ್ಕೆ ಬರೆದರಾಯಿತು.

ಗಡಿಯವರಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ಎನ್‌ಐಓಎಸ್ ಪಟ್ಟಿಯಲ್ಲಿ ಕನ್ನಡವೂ ಒಂದು ವಿಷಯ, ತಮಿಳೂ ಒಂದು ವಿಷಯ. ಯಾವುದು ಮೊದಲು, ಯಾವುದು ಎರಡನೆಯದು ಎಂಬ ಜಗಳ ಇಲ್ಲ. ಆದರೆ ಆಯ್ಕೆ ಮಾಡುವಾಗ ಎಚ್ಚರ ಬೇಕು. ಕನ್ನಡ, ತಮಿಳು ಎರಡನ್ನೇ ಹಿಡಿದು ಇಂಗ್ಲಿಷ್ ಬಿಟ್ಟರೆ ಮುಂದೆ ಕಾಲೇಜಿನಲ್ಲಿ ತೊಡಕಾಗುತ್ತದೆ. ಹೆಚ್ಚುವರಿ ವಿಷಯ ಸೇರಿಸಿಕೊಳ್ಳುವ ನಿಯಮವನ್ನೂ, ಯಾವ ಮಾಧ್ಯಮದಲ್ಲಿ ಪುಸ್ತಕ ಸಿಗುತ್ತದೆ ಎಂಬುದನ್ನೂ ನೋಂದಣಿಗೆ ಮೊದಲೇ ಕೇಳಿಕೊಳ್ಳಬೇಕು. ವಿಜ್ಞಾನ ತೆಗೆದುಕೊಂಡರೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಅದಕ್ಕೆ ಅಧ್ಯಯನ ಕೇಂದ್ರಕ್ಕೆ ಹೋಗಲೇಬೇಕು.

ಎರಡನೆಯ ದಾರಿ ತಮಿಳುನಾಡು ಸರ್ಕಾರದ ಹತ್ತನೇ ತರಗತಿ ಪರೀಕ್ಷೆಯನ್ನೇ ‘ತನಿತ್ತೇರ್ವರ್’ ಆಗಿ, ಅಂದರೆ ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಇಲ್ಲೂ ವಿಜ್ಞಾನದ ಪ್ರಾಯೋಗಿಕ ತರಗತಿಗೆ ಮೊದಲೇ ಹೆಸರು ಕೊಡಬೇಕು. ಪರೀಕ್ಷೆ ಹತ್ತಿರ ಬಂದಾಗ ಎಚ್ಚೆತ್ತವರಿಗೆ ಒಂದು ವರ್ಷ ಕೈತಪ್ಪುತ್ತದೆ.

ಕಳೆದುಕೊಳ್ಳುವುದೇನು?

ಮನೆಪಾಠ ಪುಕ್ಕಟೆ ಎಂದು ಭಾವಿಸುವವರು ಈ ಲೆಕ್ಕ ನೋಡಬೇಕು. ಸರ್ಕಾರಿ ಶಾಲೆಯಲ್ಲಿ 6ರಿಂದ 12ನೇ ತರಗತಿವರೆಗೆ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಮೀಸಲು ಕೊಡುವ ಕಾನೂನನ್ನು ತಮಿಳುನಾಡು 2020ರಲ್ಲಿ ತಂದಿತು. 2021ರಲ್ಲಿ ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಕೋರ್ಸುಗಳಿಗೂ ಅದು ವಿಸ್ತರಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ‘ಪುದುಮೈ ಪೆಣ್’ ಯೋಜನೆಯಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಗೊತ್ತಾಯಿತು. 2024ರ ಆಗಸ್ಟ್‌ನಲ್ಲಿ ಬಂದ ‘ತಮಿಳ್ ಪುದಲ್ವನ್’ ಗಂಡುಮಕ್ಕಳಿಗೆ ಅದೇ ರೀತಿಯದು.

ಇವೆಲ್ಲಕ್ಕೂ ಮೂಲ ಷರತ್ತು ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಇರುವುದು. ಒಂಬತ್ತನೇ ತರಗತಿಯಲ್ಲಿ ಟಿ.ಸಿ. ತೆಗೆದುಕೊಂಡು ಬಂದ ಮಗುವಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ. ಬಿಸಿಯೂಟ, ಬಸ್ ಪಾಸ್, ಸೈಕಲ್, ಪುಸ್ತಕ ಸೇರಿಸಿ ಲೆಕ್ಕ ಹಾಕಿದರೆ ಸಣ್ಣ ಹಿಡುವಳಿಯ ಮನೆಗೆ ಇದು ಸಣ್ಣ ಮೊತ್ತವಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕುಟುಂಬ ಇದನ್ನು ಕಳೆದುಕೊಂಡರೆ ಅವರಿಗೆ ಗೊತ್ತೂ ಆಗುವುದಿಲ್ಲ. ಶೂಲಗಿರಿಯ ರೈತನಿಗೆ ಗೊತ್ತಾಗುತ್ತದೆ.

ಇನ್ನೊಂದು ನಷ್ಟ ಊರಿನದು. ಕನ್ನಡ ಶಾಲೆಯ ಬಾಗಿಲು ತೆರೆದಿರುವುದು ಮಕ್ಕಳ ಸಂಖ್ಯೆಯ ಮೇಲೆ. ಹತ್ತು ಮಕ್ಕಳಿರುವ ತರಗತಿಯಿಂದ ಮೂವರು ಹೋದರೆ ಕನ್ನಡದ ಮೇಷ್ಟ್ರ ಹುದ್ದೆಗೇ ಸಂಚಕಾರ. ಕನ್ನಡ ಉಳಿಸಲೆಂದೇ ಮನೆಯಲ್ಲಿ ಕಲಿಸುತ್ತೇವೆ ಎನ್ನುವವರು ತಮಗೆ ತಿಳಿಯದೆ ಪಕ್ಕದ ಮನೆಯ ಮಗುವಿನ ಕನ್ನಡವನ್ನು ಕಸಿಯುವಂತಾಗಬಾರದು.

ಎರಡು ಭಾಷೆಯ ಮನೆ

ಭಾಷೆಯ ವಿಷಯದಲ್ಲಿ ಗಡಿಯ ಮಕ್ಕಳ ಕಷ್ಟ ಎಲ್ಲರಿಗೂ ಗೊತ್ತಿರುವುದೇ. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿ ಹತ್ತನೇ ತರಗತಿ ಮುಟ್ಟಿತು. ಕನ್ನಡ, ತೆಲುಗು, ಉರ್ದು, ಮಲಯಾಳಂ ಮಕ್ಕಳಿಗೆ ಹತ್ತರ ಪರೀಕ್ಷೆಯಲ್ಲಿ ತಮಿಳು ಪತ್ರಿಕೆಯಿಂದ ವಿನಾಯಿತಿ ಬೇಕೆಂದು ಅಲ್ಪಸಂಖ್ಯಾತ ಭಾಷಿಕರು ಕೋರ್ಟಿಗೆ ಅಲೆದರು. ಮದರಾಸು ಹೈಕೋರ್ಟ್ ವಿನಾಯಿತಿ ಕೊಟ್ಟಿತ್ತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೊಂದು ವರ್ಷ ಮುಂದುವರಿಸಿತು. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಯಾವ ಪತ್ರಿಕೆ ಬರೆಯಬೇಕೆಂದು ಗೊತ್ತಾಗುವ ಮಗುವಿನ ಪಾಡು ಯಾರಿಗೂ ಬೇಡ.

ಹಾಗೆಂದು ತಮಿಳನ್ನು ದೂರ ಇಡುವುದೂ ಜಾಣತನ ಅಲ್ಲ. ತಮಿಳುನಾಡಿನ ಸರ್ಕಾರಿ ನೌಕರಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯಲ್ಲಿ ಶೇ. 40 ಅಂಕ ತೆಗೆದರೆ ಮಾತ್ರ ಉಳಿದ ಪತ್ರಿಕೆ ನೋಡುವ ನಿಯಮ 2021ರ ಕೊನೆಯಲ್ಲಿ ಬಂತು. ಜಮೀನಿನ ಪಟ್ಟಾ, ಚಿಟ್ಟಾ, ಅಡಂಗಲ್ ಇರುವುದು ತಮಿಳಿನಲ್ಲಿ. ಅತ್ತಿಬೆಲೆ, ಆನೇಕಲ್ ಕಡೆಯ ನೆಂಟರ ಪಹಣಿ ಇರುವುದು ಕನ್ನಡದಲ್ಲಿ. ಎರಡನ್ನೂ ಓದಬಲ್ಲ ಹುಡುಗಿ ಇರುವ ಮನೆಗೆ ಬ್ರೋಕರ್ ಸುಲಭವಾಗಿ ಟೋಪಿ ಹಾಕಲಾರ.

ಮನೆಪಾಠಕ್ಕೆ ನಿಜವಾದ ಬಲ ಇರುವುದು ಇಲ್ಲಿ. ಮನೆ ಮಾತು ಕನ್ನಡ, ಸಂತೆ ಮಾತು ತಮಿಳು, ಪಕ್ಕದ ಮನೆಯದು ತೆಲುಗು ಎಂಬ ವಾತಾವರಣ ಬೆಂಗಳೂರಿನ ಯಾವ ದುಬಾರಿ ಶಾಲೆಯೂ ಕೊಡಲಾರದು.

ಹೊಲ, ಹಟ್ಟಿ, ಲೆಕ್ಕ

ಹಳ್ಳಿ ಮನೆಯ ಬದುಕಿನಲ್ಲಿ ಪಾಠ ಎಷ್ಟಿದೆ ಎಂದು ಪಟ್ಟಿ ಮಾಡಿದರೆ ಪಠ್ಯಪುಸ್ತಕ ಸಣ್ಣದಾಗುತ್ತದೆ. ತಮಿಳುನಾಡಿನಲ್ಲಿ ಎಕರೆಗೆ 100 ಸೆಂಟು, ಕರ್ನಾಟಕದಲ್ಲಿ 40 ಗುಂಟೆ. ಹಾಗಾದರೆ ಒಂದು ಗುಂಟೆ ಎರಡೂವರೆ ಸೆಂಟು. ಗಡಿಯ ಮಗುವಿಗೆ ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ? ಡೈರಿಯಲ್ಲಿ ಹಾಲು ಹಾಕಿದಾಗ ಬರುವ ಚೀಟಿಯಲ್ಲಿ ಕೊಬ್ಬು ಎಷ್ಟು, ಕೊಬ್ಬಿಲ್ಲದ ಘನ ಎಷ್ಟು, ದರ ಎಷ್ಟು ಎಂದು ಇರುತ್ತದೆ. ಒಂದು ತಿಂಗಳ ಚೀಟಿಗಳನ್ನು ಪಟ್ಟಿ ಮಾಡಿ, ಹಿಂಡಿ, ಬೂಸಾ ಖರ್ಚು ಕಳೆದು, ಹಸುವಿನಿಂದ ಲಾಭವೋ ನಷ್ಟವೋ ಎಂದು ಹೇಳಬಲ್ಲ ಹುಡುಗನಿಗೆ ಹತ್ತನೇ ತರಗತಿಯ ಶೇಕಡಾವಾರು ಹೆದರಿಸುವುದಿಲ್ಲ.

ವಿಜ್ಞಾನಕ್ಕೂ ಕೊರತೆ ಇಲ್ಲ. ಕಾವೇರಿಪಟ್ಟಣಂ ಪಕ್ಕದ ಪೈಯೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ರಾಗಿ ತಳಿಗಳು ಅಲ್ಲಿಂದ ಬಂದಿವೆ. ಹೊಸೂರು ಮತ್ತಿಗಿರಿಯ ಪಶು ಸಾಕಣೆ ಕೇಂದ್ರ 1824ರಷ್ಟು ಹಳೆಯದು. ದಕ್ಷಿಣ ಪಿನಾಕಿನಿ ನೀರು ಬೆಂಗಳೂರಿನ ಕೊಳೆ ಹೊತ್ತು ತಂದು ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಎಬ್ಬಿಸುವುದನ್ನು ಜನ ಮತ್ತೆ ಮತ್ತೆ ನೋಡಿದ್ದಾರೆ. ಆ ನೊರೆ ಏಕೆ ಬರುತ್ತದೆ ಎಂಬ ಒಂದು ಪ್ರಶ್ನೆಯಲ್ಲಿ ರಸಾಯನಶಾಸ್ತ್ರ, ಭೂಗೋಳ, ಪೌರನೀತಿ ಮೂರೂ ಇವೆ.

ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತ ಕೇಳುವ ಕಥೆ, ಅಪ್ಪನ ಜೊತೆ ಬೆಳಗಿನ ಜಾವ ಹೂವು ಬಿಡಿಸಿ ಮಾರುಕಟ್ಟೆಗೆ ಹೋಗುವುದು, ಮಾವಿನ ಕಾಲದಲ್ಲಿ ಮನೆಮಂದಿ ಎಲ್ಲ ತೋಟದಲ್ಲೇ ಊಟ ಮಾಡುವುದು, ಇವು ಸರ್ಟಿಫಿಕೇಟಿನಲ್ಲಿ ಬರುವುದಿಲ್ಲ. ಆದರೆ ಮನೆಯವರ ಜೊತೆ ಮುಖ ಕೊಟ್ಟು ಮಾತಾಡಲೂ ಹೊತ್ತಿಲ್ಲದೆ ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತಿ ರಾತ್ರಿ ಟ್ಯೂಷನ್ ಮುಗಿಸಿ ಬರುವ ಮಗುವನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ನೆರೆಯ ಧರ್ಮಪುರಿ ಜಿಲ್ಲೆಯ ನಾಗರಕೂಡಲ್ ಬಳಿ ಮೀನಾಕ್ಷಿ ಉಮೇಶ್ ಕಟ್ಟಿದ ಪುವಿದಂ ಕಲಿಕಾ ಕೇಂದ್ರ ಇಂಥ ಕಲಿಕೆಗೆ ಹೆಸರಾದದ್ದು. ಹೊಲದ ಕೆಲಸ, ಕೈಕೆಲಸ, ಓದು ಅಲ್ಲಿ ಒಟ್ಟಿಗೆ ಸಾಗುತ್ತವೆ. ಅದರಿಂದ ಕಲಿಯಬೇಕಾದ ಮುಖ್ಯ ಸಂಗತಿ ಒಂದಿದೆ. ತಮ್ಮ ಮಕ್ಕಳನ್ನು ಮಾತ್ರ ಕೂರಿಸಿಕೊಂಡು ಬಾಗಿಲು ಹಾಕಿಕೊಳ್ಳಲಿಲ್ಲ, ಸುತ್ತಲಿನ ಹಳ್ಳಿಗಳ ಬಡ ಮಕ್ಕಳನ್ನೂ ಕೂಡಿಸಿಕೊಂಡರು. ಹದಿನಾಲ್ಕು, ಹದಿನೈದರ ಮಗುವಿಗೆ ಅಪ್ಪ ಅಮ್ಮ ಸಾಲುವುದಿಲ್ಲ, ಓರಗೆಯವರು ಬೇಕು. ಒಂಟಿಯಾಗಿ ಬೆಳೆದ ಮಗುವಿಗೆ ಮೊಬೈಲೇ ಗೆಳೆಯ ಆಗುತ್ತದೆ.

ಕೆಲಸವೋ, ಕಲಿಕೆಯೋ?

ಇಷ್ಟೆಲ್ಲ ಚೆಂದದ ನಡುವೆ ಒಂದು ಕತ್ತಲ ಮೂಲೆ ಇದೆ. ಮನೆಯಲ್ಲಿರುವ ಹದಿಹರೆಯದ ಮಗುವಿನ ಕೈಗೆ ಕೆಲಸ ತಾನಾಗಿ ಬರುತ್ತದೆ. ಮೊದಲು ಒಂದು ದಿನ ನೀರು ಕಟ್ಟಲು, ಆಮೇಲೆ ಒಂದು ವಾರ ಕಟಾವಿಗೆ, ಕೊನೆಗೆ ದಿನವೂ ಕೂಲಿಗೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14ಕ್ಕಿಂತ ಚಿಕ್ಕವರು ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯ ಕಸುಬಿಗೆ ಕೈಜೋಡಿಸಲು ಬಿಡುತ್ತದೆ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಗಣಿ, ಸ್ಫೋಟಕ ವಸ್ತುಗಳ ಕೆಲಸ ಎಲ್ಲ ಅದರಲ್ಲಿ ಬರುತ್ತವೆ.

ಕಾಗದದ ಮೇಲಿನ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. 2023ರ ಅಕ್ಟೋಬರ್ 7ರಂದು ಗಡಿಯಾಚೆಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ದೀಪಾವಳಿ ವ್ಯಾಪಾರದ ಕೂಲಿಗೆ ತಮಿಳುನಾಡಿನಿಂದ ಬಂದಿದ್ದ ವಿದ್ಯಾರ್ಥಿಗಳೂ ಅವರಲ್ಲಿದ್ದರು.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. 2025ರ ಮಾರ್ಚ್‌ನಲ್ಲಿ ಅಂಚೆಟ್ಟಿ ಬೆಟ್ಟದ ಹಳ್ಳಿಯೊಂದರ 14 ವರ್ಷದ ಬಾಲಕಿಗೆ ಬಲವಂತದ ಮದುವೆ ಮಾಡಿ, ಅಳುತ್ತಿದ್ದವಳನ್ನು ಹೊತ್ತುಕೊಂಡು ಹೋದ ವಿಡಿಯೋ ಹರಡಿ ಇಡೀ ರಾಜ್ಯ ಬೆಚ್ಚಿತು. ಪೊಲೀಸರು ಬಂಧಿಸಿದವರಲ್ಲಿ ಮನೆಯವರೂ ಇದ್ದರು. ಬಾಲಕಿ ಏಳನೇ ತರಗತಿಗೇ ಶಾಲೆ ಬಿಟ್ಟು ಮನೆಯಲ್ಲಿದ್ದಳು. ಶಾಲೆಯಲ್ಲಿ ಹೆಸರಿರುವ ಹುಡುಗಿ ನಾಲ್ಕು ದಿನ ಬರದಿದ್ದರೆ ಮೇಷ್ಟ್ರು ಕೇಳುತ್ತಾರೆ. ಮನೆಯಲ್ಲಿರುವವಳನ್ನು ಕೇಳುವವರು ಯಾರು? ಮನೆಪಾಠವನ್ನು ಹೊಗಳುವವರು ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಮಾತಾಡಬೇಕು.

ಒಂದು ಅಳತೆಗೋಲು

ಹಾಗಾದರೆ ಗಡಿಯ ಕುಟುಂಬ ಏನು ಮಾಡಬೇಕು? ಬಹುಪಾಲು ಮನೆಗಳಿಗೆ ಒಳ್ಳೆಯ ದಾರಿ ಎಂದರೆ ಶಾಲೆಯಲ್ಲಿ ಹೆಸರು ಉಳಿಸಿಕೊಂಡು ಮನೆಯಲ್ಲಿ ಕಲಿಸುವುದು. ಬೆಳಿಗ್ಗೆ ಒಂದು ಗಂಟೆ ಕನ್ನಡ ಓದು, ಸಂಜೆ ಹಟ್ಟಿಯ ಲೆಕ್ಕ, ಭಾನುವಾರ ತೋಟ. ಇದಕ್ಕೆ ಟಿ.ಸಿ. ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಇಲ್ಲದಿದ್ದರೆ ಊರಿನ ಹತ್ತು ಮನೆಯವರು ಸೇರಿ ಸಂಜೆ ಪಾಠ ಇಡಬಹುದು. ಜೊತೆಗೆ ಶಿಕ್ಷಣಾಧಿಕಾರಿಗೆ ಅರ್ಜಿ ಹಾಕುತ್ತಲೇ ಇರಬಹುದು.

ಕಾಯಿಲೆ, ದೂರ, ಶಾಲೆಯಲ್ಲಿ ತಾಳಲಾರದ ಹಿಂಸೆ, ಅಥವಾ ಪದೇ ಪದೇ ಫೇಲಾಗಿ ಮಗು ಕುಗ್ಗಿಹೋಗಿರುವುದು, ಇಂಥ ಕಾರಣದಿಂದ ಶಾಲೆ ಬಿಡಿಸಲೇಬೇಕಾಗಿ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಮಗುವಿಗೆ 14 ತುಂಬಿದೆಯೇ, ಟಿ.ಸಿ. ತರುವ ಮೊದಲೇ ಮುಕ್ತ ಶಾಲೆಯ ನೋಂದಣಿ ಆಗಿದೆಯೇ? ದಿನಕ್ಕೆ ಮೂರು ಗಂಟೆಯಾದರೂ ಜೊತೆಗೆ ಕೂತು ಓದಿಸುವ ಒಬ್ಬರು ಮನೆಯಲ್ಲಿ ಇದ್ದಾರೆಯೇ? ಇದು ಮಗುವಿಗೂ ಬೇಕಾಗಿದೆಯೇ, ಇಲ್ಲ ಮನೆಗೆ ಒಂದು ಜೋಡಿ ಕೈ ಬೇಕಾಗಿದೆಯೇ?

ಮೂರಕ್ಕೂ ಸರಿಯಾದ ಉತ್ತರ ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಮುಕ್ತ ಶಾಲೆಯಲ್ಲಿ ಹತ್ತು, ಹನ್ನೆರಡು ಮುಗಿಸಿ ಕಾಲೇಜು ಸೇರಿದವರು ದೇಶದಲ್ಲಿ ಬೇಕಾದಷ್ಟಿದ್ದಾರೆ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಎರಡು ಬಸ್ಸು ಹತ್ತುವ ಶಾಲೆಯೇ ಲೇಸು.

ಸರ್ಕಾರದ ಪಾಲೂ ಇದೆ. ಗಡಿಯ ಪ್ರತಿ ಕನ್ನಡ ಪ್ರೌಢಶಾಲೆಗೂ ಕನ್ನಡ ಬಲ್ಲ ವಿಷಯ ಶಿಕ್ಷಕರು, ಹೊತ್ತಿಗೆ ಸರಿಯಾಗಿ ಪುಸ್ತಕ, ಶಾಲೆಯ ಹೊತ್ತಿಗೆ ಒಂದು ಬಸ್ಸು ಇದ್ದರೆ ಅರ್ಧ ಮನೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. 1954ರಲ್ಲಿ ಅರ್ಧ ದಿನದ ಶಾಲೆಯನ್ನು ಕೈಬಿಟ್ಟ ರಾಜ್ಯ ಹಳ್ಳಿಯ ಮಗುವಿಗೂ ಪೂರ್ತಿ ಶಾಲೆ ಕೊಡುವ ಹೊಣೆ ಹೊತ್ತಿತು. ಕನ್ನಡ ಮಾತಾಡುವ ಮಗುವಿಗೂ ಆ ಮಾತು ಸಲ್ಲಬೇಕು.